ಕೊಡಗಿನ ರಾಜಕುಮಾರಿ ಗೌರಮ್ಮ

ನಾವು ಸಯನ್ ಎಂದು ಕರೆಯುವ ಈ ಊರನ್ನು ಮರಾಠಿ ಬಾಂಧವರು ಶೀವ್ ಎನ್ನುತ್ತಾರೆ. ಶೀವ್ ಎಂದರೆ ಎಲ್ಲೆ, ಸೀಮೆ. ಹಿಂದೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು ಆಚೆಗೆ ಸಾಷ್ಟಿ ಮೊದಲಾಗುತ್ತಿತ್ತು. ಗುಡ್ಡದ ಮೇಲಿರುವ ಹಳೆಯ ಕೋಟೆಯು ಆ ಎಲ್ಲೆಯ ಕಾವಲಿಗಾಗಿ ಇಂಗ್ಲಿಷರು 17ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಇಂಥ ಎಲ್ಲೆಯೂರಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ, ಎಲ್ಲೆ ದಾಟಿ ಹೋದವರ ಬಾಳು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈ ರಾಜ್ಯೋತ್ಸವದ ಸಂದರ್ಭದಲ್ಲಿ, ನಮಗೆಲ್ಲ ಬಹಳ ಹಿಂದೆ, ಬಹಳ ದೂರ ಹೋದ ಒಬ್ಬ ಹೆಣ್ಣುಮಗಳನ್ನು ನೆನೆಯೋಣವೆನಿಸಿತು. ಆಕೆ ಕನ್ನಡ ನಾಡಿನ ಅರಸುಮನೆಯ ಕುಡಿ. ತನ್ನ ನಾಡನ್ನು ಒಮ್ಮೆಯೂ ಕಣ್ಣಾರೆ ಕಾಣದವಳು. ಹೆಸರು ಗೌರಮ್ಮ.

ಇಂಗ್ಲೆಂಡಿನಲ್ಲಿ ಈಗ ವಂಶವೃಕ್ಷ ಬರೆಯುವ ಹವ್ಯಾಸ ಬಹಳ. ಅಜ್ಜ, ಮುತ್ತಜ್ಜ ಎಂದು ಹಿಂದೆ ಹಿಂದಕ್ಕೆ ಹೋಗುತ್ತ, ವಿಕ್ಟೋರಿಯಾ ರಾಣಿಯ ಕಾಲದ ಮದುವೆ ಪುಸ್ತಕಗಳನ್ನೂ ಜನಗಣತಿಯ ಹಾಳೆಗಳನ್ನೂ ತಿರುವಿಹಾಕುತ್ತಾರೆ. ಹೀಗೆ ಹುಡುಕುವಾಗ ಒಮ್ಮೊಮ್ಮೆ ಹೊರದೇಶದಲ್ಲಿ ಹುಟ್ಟಿದ ಒಬ್ಬ ಸೊಸೆಯೋ ಅಳಿಯನೋ ಎದುರಾಗುವುದುಂಟು. ಸ್ಕಾಟ್ಲೆಂಡಿನ ಕ್ಯಾಂಬೆಲ್ ಮನೆತನದ ಕವಲೊಂದನ್ನು ಹಿಡಿದು ಹೋದವರಿಗೆ 1861ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನ ಹೆಸರು ಸಿಕ್ಕುತ್ತದೆ: ಈಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ಮೂರು ವಿಲಾಯತಿ ಹೆಸರುಗಳ ನಡುವೆ ನಮ್ಮ ಹಬ್ಬದ ಮಣೆಯಿಂದ ಎದ್ದು ಹೋದಂತೆ ಒಂದು ಗೌರಮ್ಮ! ಆ ಹೆಸರಿನ ಎಳೆ ಹಿಡಿದು ಹೋದರೆ ಮಡಿಕೇರಿಗೆ ಬಂದು ನಿಲ್ಲುತ್ತೇವೆ.

ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು, ಅವರ ಆಸ್ಥಾನದ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರನ ಕಾಲದಲ್ಲಿ ಬರೆಸಿದ ರಾಜೇಂದ್ರನಾಮೆಯೆಂಬ ವಂಶಚರಿತ್ರೆಯೂ ಕನ್ನಡದ್ದೇ. ಆತನ ತಮ್ಮ ಲಿಂಗರಾಜೇಂದ್ರ ಮಡಿಕೇರಿಯಲ್ಲಿ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದ. ಆ ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. ಈತನ ಆಳ್ವಿಕೆಯ ಕ್ರೌರ್ಯವನ್ನು ಕುರಿತ ಕಥೆಗಳು ಬಹಳ. ಅವುಗಳಲ್ಲಿ ನಿಜವೆಷ್ಟು, ನಾಡನ್ನು ಕಿತ್ತುಕೊಂಡ ಕಂಪೆನಿಯವರು ಬೆಳೆಸಿದ್ದೆಷ್ಟು ಎಂಬುದರಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವಿದೆ. ಅರಸನ ಸ್ವಂತ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚೆನ್ನಬಸಪ್ಪನೂ ಪ್ರಾಣಭಯದಿಂದ ಓಡಿಹೋಗಿ ಇಂಗ್ಲಿಷರ ಆಸರೆ ಪಡೆದುದು ಮಾತ್ರ ನಿಜ. ಅದೇ ಕಂಪೆನಿಗೆ ನೆಪವಾಯಿತು. 1834ರ ಏಪ್ರಿಲ್‌ನಲ್ಲಿ ಸೈನ್ಯವು ನಾಲ್ಕೂ ಕಡೆಯಿಂದ ಘಟ್ಟ ಹತ್ತಿ ಬಂತು. ಅರಸನು ಶರಣಾದನು, ಕೊಡಗು ಕಂಪೆನಿಯ ವಶವಾಯಿತು. ಅರಸನನ್ನು ಮೊದಲು ವೇಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಿದರು. ಮೂರು ವರ್ಷಗಳ ತರುವಾಯ, 1837ರಲ್ಲಿ, ಹಾಲೇರಿ ವಂಶದ ಹೆಸರೆತ್ತಿ ಸುಳ್ಯದ ಕಡೆಯ ರೈತರು ಬಂಡೆದ್ದರು. ಅದೂ ಅಡಗಿತು. ಅರಸು ಮರಳಿ ಬರಲಿಲ್ಲ.

ಗೌರಮ್ಮ ಹುಟ್ಟಿದ್ದು 1841ರ ಜುಲೈಯಲ್ಲಿ, ಕಾಶಿಯಲ್ಲಿ. ರಾಜ್ಯ ಹೋಗಿ ಏಳು ವರ್ಷಗಳಾಗಿದ್ದವು. ಆಕೆಗೆ ಕೊಡಗೆಂದರೆ ಮನೆಯ ಹಿರಿಯರ ಬಾಯಲ್ಲಿ ಕೇಳಬಹುದಾದ ಒಂದು ಹೆಸರು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಊರೆಂದರೆ ಬೇಸಗೆ ರಜೆಯಲ್ಲಿ ರೈಲು ಹತ್ತಿ ಹೋಗುವ ಹದಿನೈದು ದಿನಗಳು. ಗೌರಮ್ಮನಿಗೆ ಆ ಹದಿನೈದು ದಿನಗಳೂ ಇರಲಿಲ್ಲ.

ಅರಸನಿಗೆ ಕಾಶಿಯಲ್ಲಿ ಎರಡು ಚಿಂತೆಗಳಿದ್ದವು. ಒಂದು, ತನ್ನ ಮನೆತನದವರು ಕಂಪೆನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ದೊಡ್ಡ ಮೊತ್ತವನ್ನು ರಾಜ್ಯದೊಡನೆ ಕಂಪೆನಿಯೇ ನುಂಗಿಕೊಂಡಿತ್ತು. ಅದನ್ನು ಹಿಂದಕ್ಕೆ ಪಡೆಯಬೇಕು. ಇನ್ನೊಂದು, ಹೆಣ್ಣುಮಕ್ಕಳ ಭವಿಷ್ಯ. ಒಬ್ಬ ಮಗಳನ್ನು ನೇಪಾಳದ ಜಂಗ್ ಬಹದ್ದೂರನಿಗೆ ಮದುವೆ ಮಾಡಿಕೊಟ್ಟನು. ಗೌರಮ್ಮನಿಗೆ ವಿಲಾಯತಿಯಲ್ಲಿ ವಿದ್ಯಾಭ್ಯಾಸ ಕೊಡಿಸುವುದಾಗಿ ಹೇಳಿ ಸರ್ಕಾರದ ಅಪ್ಪಣೆ ಪಡೆದನು. 1852ರ ಮೇ ತಿಂಗಳಲ್ಲಿ ತಂದೆ ಮಗಳು ಇಂಗ್ಲೆಂಡಿನಲ್ಲಿ ಕಾಲಿಟ್ಟರು. ಸಮುದ್ರ ದಾಟುವುದೇ ದೋಷವೆನ್ನುತ್ತಿದ್ದ ಕಾಲ. ಮಗಳಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ.

ಮಗಳನ್ನು ಕ್ರೈಸ್ತಳನ್ನಾಗಿ ಮಾಡಿ ರಾಣಿಯ ಆಶ್ರಯಕ್ಕೆ ಒಪ್ಪಿಸಿದರೆ ತನ್ನ ವ್ಯಾಜ್ಯಕ್ಕೂ ಅನುಕೂಲವಾದೀತೆಂದು ಅರಸನು ಎಣಿಸಿದ್ದಿರಬೇಕು. ರಾಣಿಗೂ ತನ್ನದೇ ಆದ ಎಣಿಕೆಯಿತ್ತು. ಭಾರತದ ರಾಜವಂಶದ ಹುಡುಗಿಯೊಬ್ಬಳು ಕ್ರೈಸ್ತ ಧರ್ಮ ಹಿಡಿದು ಬೆಳೆದರೆ ಅದು ಇತರರಿಗೆ ಮಾದರಿಯಾದೀತೆಂಬುದು ಅರಮನೆಯ ಆಸೆ. ಆ ವರ್ಷವೇ ಬಕಿಂಗ್‌ಹ್ಯಾಮ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಬಾಲಿಕೆಗೆ ದೀಕ್ಷಾಸ್ನಾನ ಮಾಡಿಸಿದರು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ಹಳೆಯ ಹೆಸರನ್ನು ಅಳಿಸದೆ ಹೊಸದರ ಪಕ್ಕಕ್ಕೆ ಉಳಿಸಿದರೆಂಬುದೊಂದು ಸಮಾಧಾನ. ಮುಂದೆ ಆಕೆಯ ಗುರುತು ಹಿಡಿಯಲು ಉಳಿದದ್ದು ಅದೊಂದೇ.

ಅದೇ ವರ್ಷ ವಿಂಟರ್‌ಹಾಲ್ಟರ್ ಎಂಬ ಆಸ್ಥಾನ ಚಿತ್ರಕಾರನು ಆಕೆಯ ಚಿತ್ರ ಬರೆದನು. ಆಭರಣ ತೊಟ್ಟು, ಕೈಯಲ್ಲಿ ಬೈಬಲ್ ಹಿಡಿದು ನಿಂತ ಪುಟ್ಟ ಹುಡುಗಿ. 1856ರಲ್ಲಿ ಮರೋಕೆಟ್ಟಿ ಎಂಬ ಶಿಲ್ಪಿ ಬಣ್ಣ ಹಚ್ಚಿದ ಅಮೃತಶಿಲೆಯಲ್ಲಿ ಆಕೆಯ ಮುಖವನ್ನು ಕಡೆದನು. ಇವೆರಡೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿ ಉಳಿದು ಬಂದಿವೆ. ಚಿತ್ರಕ್ಕೆ, ಶಿಲ್ಪಕ್ಕೆ, ರಾಣಿಯ ದಿನಚರಿಗೆ ವಸ್ತುವಾದ ಹುಡುಗಿಯು ದಿನದಿನದ ಬಾಳಿನಲ್ಲಿ ಪರರ ಮನೆಯ ಮಗುವಾಗಿದ್ದಳು. ಆಕೆಯನ್ನು ಮೊದಲು ಒಬ್ಬ ಮೇಜರನ ಮನೆಯಲ್ಲಿಟ್ಟರು, ಆಮೇಲೆ ಇನ್ನೊಬ್ಬರ ಮನೆಯಲ್ಲಿ. ತಂದೆಯ ಸಹವಾಸದಿಂದ ಹಳೆಯ ನಡೆನುಡಿ ಮರುಕಳಿಸೀತೆಂಬ ಭಯದಿಂದ ಅವನ ಭೇಟಿಗಳಿಗೂ ಮಿತಿ ಹಾಕಲಾಯಿತು. ಒಂದೇ ದೇಶದಲ್ಲಿದ್ದೂ ತಂದೆ ಮಕ್ಕಳು ಒಂದೇ ಸೂರಿನಡಿ ಇರಲಿಲ್ಲ. ತಾನೇ ಕೈಯೆತ್ತಿ ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ದಾರಿ ಅರಸನಿಗೆ ಉಳಿದಿರಲಿಲ್ಲ.

ಹುಡುಗಿ ಬೆಳೆದಳು. ಮದುವೆಯ ಮಾತು ಬಂತು. ಆ ಹೊತ್ತಿಗೆ ಪಂಜಾಬದ ಸಿಂಹಾಸನ ಕಳೆದುಕೊಂಡ ಮಹಾರಾಜ ದುಲೀಪ ಸಿಂಗನೂ ಕ್ರೈಸ್ತನಾಗಿ 1854ರಲ್ಲಿ ಇಂಗ್ಲೆಂಡಿಗೆ ಬಂದಿದ್ದನು. ಆತನೂ ರಾಣಿಯ ಮೆಚ್ಚಿನವನು. ರಾಜ್ಯ ಹೋದ ಇಬ್ಬರು ಎಳೆಯರನ್ನು ಒಂದುಗೂಡಿಸಿದರೆ ಚೆನ್ನೆಂದು ರಾಣಿಗೆ ತೋರಿತು. ದುಲೀಪನ ಪೋಷಕರಾದ ಸರ್ ಜಾನ್ ಲಾಗಿನ್ ಮತ್ತು ಅವರ ಪತ್ನಿ ಲೇಡಿ ಲಾಗಿನ್ ಅವರಿಗೇ ಗೌರಮ್ಮನ ಹೊಣೆಯನ್ನೂ ಒಪ್ಪಿಸಿದರು. ದುಲೀಪನು ಆಕೆಯನ್ನು ತಂಗಿಯಂತೆ ಕಂಡನೇ ಹೊರತು ಮದುವೆಗೆ ಒಡಂಬಡಲಿಲ್ಲ. ಅದರ ಬದಲು ಲೇಡಿ ಲಾಗಿನ್ನಳ ಸಹೋದರನಾದ ಕರ್ನಲ್ ಜಾನ್ ಕ್ಯಾಂಬೆಲ್ಲನ ಹೆಸರು ಮುಂದೆ ಬಂತು. ಭಾರತದ ಸೈನ್ಯದಲ್ಲಿ ದುಡಿದು ಮರಳಿದವನು, ಮೊದಲ ಹೆಂಡತಿಯನ್ನು ಕಳೆದುಕೊಂಡವನು, ವಯಸ್ಸು ಐವತ್ತರ ಆಸುಪಾಸು. 1860ರಲ್ಲಿ ಮದುವೆ ನಡೆದಾಗ ಗೌರಮ್ಮನಿಗೆ 19.

ಮದುವೆಗೆ ತಂದೆ ಇರಲಿಲ್ಲ. ಚಿಕ್ಕವೀರರಾಜೇಂದ್ರನು 1859ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡಿದ್ದನು. ಕಂಪೆನಿಯ ಮೇಲೆ ಹೂಡಿದ್ದ ದಾವೆ ಅವನ ಹಿಂದೆಯೇ ಉಳಿದು, 1860ರಲ್ಲಿ ವಜಾ ಆಯಿತು. ಅರಸನ ಹಣವನ್ನು ಕಂಪೆನಿ ಯುದ್ಧದಲ್ಲಿ ರಾಜ್ಯಾಧಿಕಾರದಿಂದ ತೆಗೆದುಕೊಂಡಿದೆ, ಇದನ್ನು ವಿಚಾರಿಸುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ತೀರ್ಪಿನ ಸಾರ. ಯಾವ ವ್ಯಾಜ್ಯಕ್ಕಾಗಿ ಹಡಗು ಹತ್ತಿದನೋ ಅದೂ ಕೈಗೂಡಲಿಲ್ಲ. ಯಾವ ಮಗಳಿಗಾಗಿ ಬಂದನೋ ಆಕೆಯ ಮದುವೆಯನ್ನೂ ಕಾಣಲಿಲ್ಲ.

ಈಗ ಆ ಕಾಲದ ದಾಖಲೆಗಳ ರೀತಿಯನ್ನು ಸ್ವಲ್ಪ ನೋಡೋಣ. ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರವೇ ದಾಖಲಿಸತೊಡಗಿದ್ದು 1837ರ ಜುಲೈ 1ರಿಂದ. ಮದುವೆಯ ಪುಸ್ತಕದಲ್ಲಿ ತಾರೀಖು, ವಧೂವರರ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳ, ಇಬ್ಬರ ತಂದೆಯರ ಹೆಸರು ಮತ್ತು ಅಂತಸ್ತು, ಸಾಕ್ಷಿಗಳ ಸಹಿ ಇಷ್ಟಕ್ಕೂ ಮನೆಗಳಿದ್ದವು. ಇಲ್ಲದ ಮನೆ ತಾಯಿಯದು. ಆ ಕೊರತೆಯನ್ನು ಅಲ್ಲಿಯವರು ಸರಿಪಡಿಸಿದ್ದು 2021ರಲ್ಲಿ. ಜನಗಣತಿಯ ರೀತಿಯೂ ಅಷ್ಟೇ. 1861ರ ಏಪ್ರಿಲ್ 7ರ ರಾತ್ರಿ ಯಾರು ಯಾವ ಮನೆಯಲ್ಲಿದ್ದರೆಂದು ಬರೆದುಕೊಂಡರು. ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ಜಿಲ್ಲೆ ಮತ್ತು ಊರಿನ ಹೆಸರು ಬೇಕಾಗಿತ್ತು. ಹೊರಗೆ ಹುಟ್ಟಿದವರಿಗೆ ದೇಶದ ಹೆಸರು ಸಾಕು. ಆ ಕಟ್ಟಳೆಯ ಕಣ್ಣಿಗೆ ಕಾಶಿಯೂ ಒಂದೇ, ಮಡಿಕೇರಿಯೂ ಒಂದೇ.

ಭಾರತದಿಂದ ಹೋದ ಹೆಂಡತಿಯನ್ನು ಹುಡುಕುವವರಿಗೆ ಮತ್ತೊಂದು ದಾರಿಯಿದೆ. ಬಂಗಾಳ, ಮದ್ರಾಸು, ಮುಂಬಯಿ ಈ ಮೂರು ಅಧಿಪತ್ಯಗಳ ಇಗರ್ಜಿಗಳಲ್ಲಿ ನಡೆದ ನಾಮಕರಣ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಇಂದಿಗೂ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ಅವು ಕ್ರೈಸ್ತರ ಪುಸ್ತಕಗಳು. ಲಿಂಗಾಯತ ಅರಸನ ಮಗಳು ಹುಟ್ಟಿದ ಸುದ್ದಿಗೆ ಅಲ್ಲಿ ಎಡೆಯಿಲ್ಲ. ಗೌರಮ್ಮ ಕಾಗದಪತ್ರಗಳಲ್ಲಿ ಸಿಕ್ಕುವುದು ಬೇರೆ ಬಾಗಿಲುಗಳಿಂದ: ಕಂಪೆನಿಯ ರಾಜಕೀಯ ಕಡತಗಳಲ್ಲಿ ಅರಸನ ಮಗಳಾಗಿ, ರಾಣಿಯ ದಿನಚರಿಯಲ್ಲಿ ಧರ್ಮಪುತ್ರಿಯಾಗಿ, ಲಾಗಿನ್ ಮನೆಯವರ ನೆನಪುಗಳಲ್ಲಿ ಸಾಕುಹುಡುಗಿಯಾಗಿ, ಕ್ಯಾಂಬೆಲ್ಲನ ಸಂಸಾರದಲ್ಲಿ ಪತ್ನಿಯಾಗಿ. ಆಕೆಯ ಹೆಸರಿನ ಅಕ್ಷರಗಳೂ ಎಲ್ಲ ಕಡೆ ಒಂದೇ ಆಗಿಲ್ಲ. ಗೌರಮ್ಮ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಾಗಿ ಬರೆದನು. ಮೇಲಾಗಿ, ಕನ್ನಡದ ಹೆಣ್ಣಿಗೆ ವಿಲಾಯತಿಯವರಂತೆ ಮನೆತನದ ಅಡ್ಡಹೆಸರಿಲ್ಲ. ಆದುದರಿಂದ ಅಕ್ಷರಾನುಕ್ರಮದ ಪಟ್ಟಿಯಲ್ಲಿ ಹುಡುಕುವವನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುವನು. ನೂರಾರು ಹಾಳೆಗಳಲ್ಲಿ ಚೆದರಿದ ಈ ಬಾಳನ್ನು ಒಟ್ಟುಗೂಡಿಸಿ ಬರೆದವರಲ್ಲಿ ಕೊಡಗಿನವರೇ ಆದ ಶ್ರೀ ಸಿ. ಪಿ. ಬೆಳ್ಳಿಯಪ್ಪನವರು ಮುಖ್ಯರು. ಅವರ ಇಂಗ್ಲಿಷ್ ಪುಸ್ತಕ 2010ರಲ್ಲಿ ಹೊರಬಂತು. ಹೋದ ಮಗಳನ್ನು ತವರಿನವರೇ ಹುಡುಕಿದರೆನ್ನಬಹುದು.

1861ರ ಜುಲೈಯಲ್ಲಿ ಗೌರಮ್ಮನಿಗೆ ಹೆಣ್ಣುಮಗು ಹುಟ್ಟಿತು. ಆ ಮಗುವಿಗೆ ರಾಣಿಯ ಹೆಸರಿನ ಜೊತೆಗೆ ತನ್ನ ಹೆಸರೂ ಸೇರಿತು. ಮದುವೆಯ ಬಾಳು ಸುಖದ್ದಾಗಿರಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಅಷ್ಟರಲ್ಲಿ ಕ್ಷಯರೋಗ ಹಿಡಿಯಿತು. ಶೀತದೇಶದಲ್ಲಿ ಅನೇಕರನ್ನು ಕೊಂಡೊಯ್ದ ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಮಗುವಿಗೆ ಮೂರು ತುಂಬುವ ಮೊದಲೇ, 1864ರ ಮಾರ್ಚ್ 30ರಂದು, ಗೌರಮ್ಮ ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು. ಆಗ ಆಕೆಗೆ ವಯಸ್ಸು 22. ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಕೊಡಗಿನ ಮಾಜಿ ಅರಸನ ಮಗಳು, ಕರ್ನಲ್ ಕ್ಯಾಂಬೆಲ್ಲನ ಪತ್ನಿ, ರಾಣಿಯ ಆಶ್ರಿತೆ ಎಂದು ಕಲ್ಲು ಸಾರುತ್ತದೆ. ಅಜ್ಜ ಲಿಂಗರಾಜನು ಮಡಿಕೇರಿಯ ಗದ್ದಿಗೆಯಲ್ಲಿ, ಮೊಮ್ಮಗಳು ಬ್ರಾಂಪ್ಟನ್ನಿನಲ್ಲಿ. ನಡುವೆ ಎರಡೇ ತಲೆಮಾರು.

ಕ್ಯಾಂಬೆಲ್ಲನ ಗತಿಯೂ ವಿಚಿತ್ರವಾಯಿತು. 1867ರಲ್ಲಿ ಒಂದು ದಿನ ಆತನು ಲಂಡನ್ನಿನ ತನ್ನ ಬಿಡಾರದಿಂದ ಹೊರಟವನು ಮರಳಲಿಲ್ಲ. ಗೌರಮ್ಮನ ಒಡವೆಗಳೂ ಅವನೊಡನೆಯೇ ಹೋದುವೆಂಬುದು ಆ ಮನೆತನದಲ್ಲಿ ಉಳಿದು ಬಂದ ವೃತ್ತಾಂತ. ತಾಯಿಯಿಲ್ಲದ, ತಂದೆ ಕಾಣೆಯಾದ ಈಡಿತ್ ಬಂಧುಗಳ ಮನೆಯಲ್ಲಿ ಬೆಳೆದು, ಯಾರ್ಡ್ಲಿ ಎಂಬ ಮನೆತನಕ್ಕೆ ಸೊಸೆಯಾಗಿ ಹೋದಳು. ಅಲ್ಲಿಗೆ ಕೊಡಗಿನ ಅರಸರ ಈ ಕವಲು ಇಂಗ್ಲಿಷರಲ್ಲಿ ಬೆರೆತುಹೋಯಿತು. ಒಡವೆ ಹೋಯಿತು, ಹಣ ಹೋಯಿತು, ರಾಜ್ಯ ಮೊದಲೇ ಹೋಗಿತ್ತು. ಮಗಳ ಹೆಸರಿನ ನಡುವೆ ಸೇರಿಕೊಂಡ ಮೂರು ಅಕ್ಷರ ಮಾತ್ರ ಉಳಿಯಿತು. ಅದರಿಂದಲೇ ದಾರಿ ಸಿಕ್ಕಿತು.

ಪರದೇಶದವರೊಡನೆ ಮದುವೆಯಾದವರೆಲ್ಲರ ಕಥೆಯೂ ಹೀಗೆಯೇ ಮುಗಿಯಿತೆಂದು ತಿಳಿಯಬಾರದು. ಗೌರಮ್ಮನ ಮದುವೆಯಾದ ಅದೇ 1860ರಲ್ಲಿ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವರಿಸಿದರು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, 1844ರಲ್ಲಿ ಕ್ರೈಸ್ತರಾಗಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದವರು ಅವರು. ಕೊಡಗಿನ ಆನಂದಪುರವೆಂಬ ನೆಲೆ ಅವರ ಹೆಸರಿನಿಂದಲೇ ಬಂದದ್ದು. ಅಲ್ಲಿ ಎಲ್ಲೆ ದಾಟಿ ಬಂದವಳು ಹೆಂಡತಿ. ಗಂಡನಿಗೆ ನಾಡೂ ನುಡಿಯೂ ಉಳಿದವು, ಮಾಡಲು ತನ್ನದೇ ಕೆಲಸವಿತ್ತು, ಬದುಕಿಗೆ ತನ್ನದೇ ನಿರ್ಧಾರವಿತ್ತು. ಗೌರಮ್ಮನಿಗೆ ಇವು ಯಾವುವೂ ದಕ್ಕಲಿಲ್ಲ. ತಂದೆ, ರಾಣಿ, ಪೋಷಕರು ಹೀಗೆ ಪ್ರತಿಯೊಬ್ಬರೂ ಆಕೆಯ ಹಿತಕ್ಕೆಂದೇ ನಿರ್ಧರಿಸಿದರು. ಪ್ರತಿಯೊಬ್ಬರ ಹಿತವೂ ಅದರಲ್ಲಿ ಸ್ವಲ್ಪ ಬೆರೆತಿತ್ತು. ಅನ್ಯದೇಶದ ವರನಿಗಿಂತ ದೊಡ್ಡ ಅನ್ಯಾಯ ಅದು ಎನಿಸುತ್ತದೆ.

ನಮ್ಮ ಮನೆಗಳ ಕಡೆ ತಿರುಗೋಣ. ಮುಂಬಯಿಗೆ ಬಂದ ನಮ್ಮ ಹಿರಿಯರ ಹೆಸರುಗಳಿಗೂ ಇಲ್ಲಿಯ ಪುಸ್ತಕಗಳಲ್ಲಿ ಹೊಸ ವೇಷ ಬಂತು. ಊರಿನ ಹೆಸರು ಅಡ್ಡಹೆಸರಾಯಿತು, ಜಾತಿಯ ಹೆಸರು ಮನೆತನವಾಯಿತು, ತಂದೆಯ ಹೆಸರು ನಡುವೆ ಬಂದು ಕೂತಿತು. ಅಳಿಯಸಂತಾನದ ಕಟ್ಟಿನಲ್ಲಿ ತಾಯಿಯಿಂದಲೇ ಬಳಿ ಎಣಿಸುವ ತುಳುನಾಡಿನವರಿಗೂ ಶಾಲೆಯ ದಾಖಲೆಯಲ್ಲಿ ತಾಯಿಯ ಹೆಸರಿಗೆ ಜಾಗವಿರಲಿಲ್ಲ. ಮಹಾರಾಷ್ಟ್ರ ಸರ್ಕಾರವು 2024ರ ಮೇ 1ರಿಂದೀಚೆಗೆ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ತಾಯಿಯ ಹೆಸರು ಬರಬೇಕೆಂದು ನಿಯಮ ಮಾಡಿದೆ. ಅದಕ್ಕೂ ಮುಂಚೆ ಹುಟ್ಟಿದ ನಮ್ಮ ಮಟ್ಟಿಗೆ ಆ ಕೆಲಸ ನಾವೇ ಮಾಡಬೇಕು. ಮನೆಗೆ ಮರಾಠಿ, ಗುಜರಾತಿ, ಪಂಜಾಬಿ ಸೊಸೆ ಅಳಿಯಂದಿರು ಬರುತ್ತಿದ್ದಾರೆ. ಮಕ್ಕಳು ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿ ಅಲ್ಲಿಯೇ ಮದುವೆಯಾಗುತ್ತಿದ್ದಾರೆ. ಅವರು ತಾವೇ ಒಲಿದು, ತಾವೇ ಆರಿಸಿಕೊಂಡು ಆಗುವ ಮದುವೆಗಳು. ಹರಸಬೇಕಾದವು. ನಾವು ಕೊಡಬಹುದಾದ ಉಡುಗೊರೆಯೊಂದಿದೆ. ಒಂದು ನೋಟುಪುಸ್ತಕದಲ್ಲಿ ಅಜ್ಜಿ, ಮುತ್ತಜ್ಜಿಯರ ಹೆಸರು, ತವರೂರು, ಮನೆಯ ಹೆಸರು, ಯಾವ ವರ್ಷ ಯಾರು ಮುಂಬಯಿಗೆ ಬಂದರೆಂಬ ಸಂಗತಿ, ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡುವುದು. ಹೊರಗಿನಿಂದ ಬಂದ ಸೊಸೆಯ ತಾಯಿಯ ಹೆಸರನ್ನೂ ಅದೇ ಪುಸ್ತಕದಲ್ಲಿ, ಅದೇ ಗೌರವದಿಂದ ಬರೆಯುವುದು. ಗೌರಮ್ಮನಿಗೆ ಅಂಥ ಪುಸ್ತಕ ಬರೆದಿಡುವವರು ಯಾರೂ ಇರಲಿಲ್ಲ.

ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವೆನಿಸಿತು. ಹರಿದು ಹಂಚಿದ್ದ ನಾಡು ಒಂದಾದ ದಿನವನ್ನೇ ನಾವು ವರ್ಷ ವರ್ಷವೂ ಕೊಂಡಾಡುತ್ತೇವೆ. ಆ ದಿನ ನಾಡಿನೊಳಗೆ ಸೇರಿದವರನ್ನು ನೆನೆಯುವಾಗ, ನಾಡಿನ ಹೊರಗೆ ಉಳಿದವರನ್ನೂ ನೆನೆಯುವುದು ಒಳ್ಳೆಯದು. ಮುಂದಿನ ಸಲ ಮನೆಯಲ್ಲಿ ಗೌರಿಯನ್ನು ಕೂರಿಸಿ ಬಾಗಿನ ಕೊಡುವಾಗ, ಕಾಶಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮಣ್ಣಾದ ಈ ಗೌರಮ್ಮನ ಕಥೆಯನ್ನು ಮಕ್ಕಳಿಗೊಮ್ಮೆ ಹೇಳಿರಿ. ಗೌರಿ ತವರಿಗೆ ಬರುವ ದಿನವಲ್ಲವೇ ಅದು.